ಸೀಟಿನ ಅಡಿಯಲ್ಲಿ ಕಂಡದ್ದು

ಹನ್ನೆರಡು ವರ್ಷಗಳ ಹಿಂದೆ, ಕೋಯಮತ್ತೂರಿನ ಗಣಪತಿ ಬಡಾವಣೆಯ ಒಂದು ಸಣ್ಣ ಗುಡಿಯ ಮುಂದೆ, ಪಾಪಾತಿ ಎಂಬ ಹೆಂಗಸು ಉರಿಯುವ ಕರ್ಪೂರವನ್ನು ಬರಿಯ ಅಂಗೈಯಿಂದ ಆರಿಸಿ ಮಾತು ಕೊಟ್ಟರು. ಕಾರಿನ ಸೀಟಿನ ಅಡಿಯಲ್ಲಿ ತಾನು ಏನನ್ನೇ ಕಂಡರೂ ಕೊಳ್ಳಲು ಬಂದವರಿಗೆ ಹೇಳುವುದಿಲ್ಲ ಎಂಬುದು ಆ ಮಾತು. ಮಾತು ಪಡೆದುಕೊಂಡವರು ಕುಪ್ಪುಸಾಮಿ. ಹಳೆಯ ಕಾರುಗಳನ್ನು ತಂದು, ತೊಳೆಸಿ, ಬಣ್ಣ ಹೊಡೆಸಿ, ಸೀಟು ಹೊಲಿಸಿ ಮಾರುವ ದಳ್ಳಾಳಿ. ಈ ಸೀಮೆಯಲ್ಲಿ ಕರ್ಪೂರ ಆರಿಸಿದ ಮೇಲೆ ಪತ್ರವೂ ಬೇಕಿಲ್ಲ, ಸಾಕ್ಷಿಯೂ ಬೇಕಿಲ್ಲ.

ಈಗ ಬೆಳಕು ಹರಿಯುವ ಹೊತ್ತು. ಮಿಲ್ಲಿನ ಸೈರನ್ ಕೂಗಿ ನಿಂತಿದೆ. ಪಂಪಿನ ಎರಕ ಹೊಯ್ಯುವ ಶೆಡ್ಡುಗಳ ನಡುವೆ, ತಗಡಿನ ಚಪ್ಪರದ ಕೆಳಗೆ, ಪಾಪಾತಿ ಬೂದಿ ಬಣ್ಣದ ಅಂಬಾಸಿಡರ್ ಒಂದರ ಹಿಂದಿನ ಸೀಟನ್ನು ಹೊರಗೆಳೆಯುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ. ಬಾಯಲ್ಲಿ ಕಚ್ಚಿ ಹಿಡಿದ ಬಾಗಿದ ಸೂಜಿ. ಮೊಣಕಾಲನ್ನು ಬಾಗಿಲಿಗೆ ಊರಿ, ಒಂದು ಸಲ ಉಸಿರು ಬಿಗಿಹಿಡಿದು ಕಿತ್ತರೆ ಸೀಟು ಕರಕರ ಎಂದು ಎದ್ದು ಬರುತ್ತದೆ. ಆಕಾಶನೀಲಿ ರೆಕ್ಸಿನ್, ಅಂಚಿಗೆ ಬಿಳಿ ಪಟ್ಟಿ. ಹೊಲಿಗೆ ಇನ್ನೂ ಹೊಸದು.

"ಇದ ಹೊಲ್ದಿದ್ದೂ ನಾನೇ, ಈಗ ಬಿಚ್ತಾ ಇರೋದೂ ನಾನೇ," ಎನ್ನುತ್ತಾರೆ. "ಯಾಕೆ ಅಂತ ಕೇಳಿ, ಯೋಳ್ತೀನಿ. ಆದ್ರೆ ನಂಗೇ ಪೂರಾ ಗೊತ್ತಾಗಿಲ್ಲ."

ಪಾಪಾತಿಯ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ಹುಟ್ಟಿದ್ದು ಅಮರಾವತಿ ನದಿಯ ಪಕ್ಕದ ಮಡತ್ತುಕುಳಂನಲ್ಲಿ, ತಲೆಮಾರುಗಳ ಹಿಂದೆಯೇ ಇಲ್ಲಿ ಬೇರು ಬಿಟ್ಟ ಕನ್ನಡದ ಬೇಸಾಯದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಗಣಪತಿಗೆ. ಗಂಡ ಮಯಿಲ್‌ಸಾಮಿ ಕಾರಿನ ಸೀಟು ಹೊಲಿಯುವವರು. ಅವರ ಪಕ್ಕ ಕೂತು ತೆಂಗಿನ ನಾರು ಬಿಡಿಸುತ್ತ, ಗೋಣಿ ಕತ್ತರಿಸುತ್ತ ಈಕೆ ಕೆಲಸ ಕಲಿತರು. ಮಯಿಲ್‌ಸಾಮಿ ಕಾಮಾಲೆಯಾಗಿ ತೀರಿಕೊಂಡಾಗ ಎರಡು ಹೆಣ್ಣುಮಕ್ಕಳು ಚಿಕ್ಕವು. ಹೆಂಗಸಿನ ಕೈಗೆ ಕಾರು ಕೊಡಲು ಯಾರೂ ಒಪ್ಪಲಿಲ್ಲ. "ಬ್ಲೌಸ್ ಹೊಲಿಯಮ್ಮ, ಸೀಟು ಯಾಕೆ ಅಂತ ನಗಾಡ್ದವ್ರೇ ಎಲ್ಲಾ." ಒಪ್ಪಿದ್ದು ಕುಪ್ಪುಸಾಮಿ ಒಬ್ಬರೇ. ಅದಕ್ಕೇ ಆ ಕರ್ಪೂರ.

ಸೀಟಿನ ಅಡಿಯಲ್ಲಿ ಅಂಥದ್ದೇನಿರುತ್ತದೆ ಎಂದು ಓದುಗರು ಕೇಳಬಹುದು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಲಾರದವರು, ಸಣ್ಣ ಹೊಸ ಕಾರಿನಲ್ಲಿ ಮನೆಮಂದಿಯೆಲ್ಲ ಹಿಡಿಸುವುದಿಲ್ಲ ಎನ್ನುವವರು, ಕುಪ್ಪುಸಾಮಿಯಂಥ ದಳ್ಳಾಳಿಗಳ ಅಂಗಳಗಳಿಗೆ ಬಂದು ಹಳೆಯ ಅಂಬಾಸಿಡರ್, ಫಿಯೆಟ್‌ಗಳ ಸುತ್ತ ಸುತ್ತುತ್ತಾರೆ. ಜೊತೆಗೆ ಬಂದ ಮೆಕ್ಯಾನಿಕ್ ಕಬ್ಬಿಣದ ಸರಳನ್ನು ಎಂಜಿನ್ನಿಗೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟು, "ಪರವಾಗಿಲ್ಲ" ಎನ್ನುತ್ತಾನೆ. ಪರಿಚಯದ ಡ್ರೈವರ್ ಹೊಗೆಕೊಳವೆಯೊಳಗೆ ಬೆರಳಾಡಿಸಿ ಮಸಿ ನೋಡಿ, "ಆಯಿಲ್ ಕುಡಿಯುತ್ತೆ" ಎನ್ನುತ್ತಾನೆ. ಮಾವನವರು ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಮುಖ ಸಿಂಡರಿಸುತ್ತಾರೆ. ಮನೆಯಾಕೆ ಬಾಗಿಲು ಹಾಕಿ ತೆಗೆದು ಸದ್ದು ಕೇಳುತ್ತಾರೆ. ಮಕ್ಕಳು ಆಗಲೇ ಒಳಗೆ ಕೂತು ಹಾರ್ನ್ ಒತ್ತುತ್ತಿರುತ್ತವೆ. ಎಲ್ಲರ ಮಾತು ಮುಗಿಯುವ ಹೊತ್ತಿಗೆ ಕೊಳ್ಳಲು ಬಂದವನು ಬಂದಾಗ ಇದ್ದುದಕ್ಕಿಂತ ಹೆಚ್ಚು ಗಲಿಬಿಲಿಯಲ್ಲಿರುತ್ತಾನೆ.

ಪಾಪಾತಿ ನೋಡುವುದು ಬೇರೆ. ಮನೆಯ ಕಾರಾದರೆ ಡ್ರೈವರ್ ಸೀಟಿನ ಸ್ಪ್ರಿಂಗ್ ಕುಸಿದಿರುತ್ತದೆ. ಬಾಡಿಗೆಗೆ ಓಡಿದ್ದಾದರೆ ಹಿಂದಿನದೂ ಕುಸಿದಿರುತ್ತದೆ. ಅರಿಸಿನ ಹಚ್ಚಿದ ಅಕ್ಕಿಕಾಳು ಸಂದಿಯಲ್ಲಿ ಹಿಡಿಗಟ್ಟಲೆ ಸಿಕ್ಕರೆ ಆ ಕಾರು ಮದುವೆ ಮದುವೆಗೆ ತಿರುಗಿದೆ, ಮಾಲೀಕ ಎಷ್ಟೇ 'ಮನೆಯವರು ಬಿಟ್ಟು ಯಾರೂ ಕೂತಿಲ್ಲ' ಎಂದರೂ. ನಾರಿನೊಳಗೆ ನುಣ್ಣನೆ ಮೆಕ್ಕಲು ಮಣ್ಣಿದ್ದರೆ ಎಲ್ಲೋ ನೀರಿನಲ್ಲಿ ಮುಳುಗಿ ನಿಂತದ್ದು. ಹೇರ್‌ಪಿನ್ನು, ಒಣಗಿದ ಮಲ್ಲಿಗೆ, ಹಾಲುಹಲ್ಲು ಕೂಡ ಸಿಕ್ಕಿವೆ. ಆಮೇಲೆ ಮ್ಯಾಟ್ ಎತ್ತಿದರೆ ನೆಲದ ತಗಡು, ಅದರ ತುಕ್ಕು, ತೂತು.

ಇಷ್ಟೆಲ್ಲ ಕಂಡರೆ ಕಾರು ನಂಬಬಹುದೋ ಬೇಡವೋ ಹೇಳಬಹುದಲ್ಲ ಎಂದರೆ ಪಾಪಾತಿ ಎರಡೂ ಕೈ ಚೆಲ್ಲುತ್ತಾರೆ.

"ಅದೇ ಗೊತ್ತಾಗಲ್ಲ ಸಾಮಿ. ಒಂದು ಫಿಯೆಟ್ ಬಂದಿತ್ತು, ಅಡೀಲಿ ಜರಡಿ ಇದ್ದಂಗಿತ್ತು. ಈ ವಂಡಿ ಬರೋ ಪೊಂಗಲ್ ನೋಡಲ್ಲ ಅಂತ ಮನಸಲ್ಲೇ ಅನ್ಕೊಂಡೆ. ನಾಕು ಪೊಂಗಲ್ ಆಯ್ತು. ದಿನಾ ಬೆಳಗ್ಗೆ ಈ ಓಣೀಲೇ ಸ್ಕೂಲ್ ಮಕ್ಕಳ್ನ ತುಂಬ್ಕೊಂಡು ಹೋಗ್ತದೆ, ನನ್ನ ನೋಡಿ ಹಾರ್ನ್ ಬೇರೆ ಹೊಡೀತದೆ! ಇನ್ನೊಂದು, ಒಳಗೆಲ್ಲಾ ಮದುವೆ ಹೆಣ್ಣಿನಂಗಿತ್ತು. ಮೂರೇ ತಿಂಗ್ಳು, ನಡುರೋಡಲ್ಲಿ ಎಂಜಿನ್ ಸತ್ತೋಯ್ತು. ನಾನು ಕಂಡಿದ್ದು ನಿಜ. ಆದ್ರೆ ಕಂಡಿದ್ದಕ್ಕೆ ಏನು ಅರ್ಥ?"

ಹೀಗೆ ಅರ್ಥ ಗೊತ್ತಿಲ್ಲದ್ದರಿಂದಲೇ ಇಷ್ಟು ವರ್ಷ ಸುಮ್ಮನಿರುವುದು ಸುಲಭವಾಗಿತ್ತು ಎನ್ನುತ್ತಾರೆ. ಬೆಳಗ್ಗೆ ಆರಕ್ಕೆ ಕೂತರೆ ಸಂಜೆ ಬೆಳಕಿರುವವರೆಗೆ ಹೊಲಿಗೆ. ಒಂದು ಕಾರಿನ ಸೀಟೆಲ್ಲ ಮುಗಿಯಲು ಮೂರು ದಿನ. ಎಡಗೈ ಹೆಬ್ಬೆರಳಿನ ಉಗುರು ಸ್ಪ್ರಿಂಗ್ ಬಡಿದು ಬಡಿದು ಕಪ್ಪಾಗಿ ಹಾಗೇ ನಿಂತಿದೆ. ದೊಡ್ಡ ಮಗಳನ್ನು ಮದುವೆ ಮಾಡಿಕೊಟ್ಟರು. ಚಿಕ್ಕವಳು ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ. ಎಲ್ಲವೂ ಕುಪ್ಪುಸಾಮಿಯ ಅಂಗಳದಿಂದ ಬಂದ ಕೆಲಸದಿಂದ.

ಕಳೆದ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಈ ಬೂದಿ ಬಣ್ಣದ ಅಂಬಾಸಿಡರ್ ಅಂಗಳಕ್ಕೆ ಬಂತು. ಆಕಾಶನೀಲಿ ಸೀಟು ಹಾಕಲು ಹೇಳಿದರು. ಹಿಂದಿನ ಸೀಟು ತೆಗೆದು ಮ್ಯಾಟ್ ಎತ್ತಿದಾಗ ಪಾಪಾತಿಗೆ ಕಂಡದ್ದು ಕಾರಿನ ತಗಡಲ್ಲ, ತೇಪೆ. ಎಣ್ಣೆಯ ಪೀಪಾಯಿ ಕತ್ತರಿಸಿ ಹಾಕಿದ ತಗಡು, ಅದರ ಮೇಲೆ ದಪ್ಪನೆ ಟಾರು. ತೇಪೆ ಇದ್ದದ್ದು ಹಿಂದಿನ ಚಕ್ರವನ್ನು ಹಿಡಿದಿಡುವ ಉಕ್ಕಿನ ಕಮಾನುಪಟ್ಟಿ ಬಂದು ಕೂರುವ ಜಾಗದ ಹತ್ತಿರ. ಗಾಡಿಯ ಭಾರವೆಲ್ಲ ಬೀಳುವ ಜಾಗ ಅದು. ಪಾಪಾತಿ ಮ್ಯಾಟ್ ಮುಚ್ಚಿದರು, ಸೀಟು ಹೊಲಿದರು.

ಕೆಲವು ವಾರಗಳ ಮೇಲೆ ಅಂಗಳದ ಮುಂದೆ ಬಸ್ಸಿನಿಂದ ಮೂವರು ಇಳಿದು ಬಂದರು. ಪಾಪಾತಿಯ ತಂಗಿ ಜಾನಮ್ಮ, ಜಾನಮ್ಮನ ಗಂಡ ಕಾಳಿಯಪ್ಪನ್, ಅಕ್ಕತಂಗಿಯರ ತಾಯಿ ರಾಮಾಯಿ. ರಾಮಾಯಿಗೆ ಎರಡೂ ಮಂಡಿ ಬಾವು. ತಿಂಗಳಿಗೊಮ್ಮೆ ಮಡತ್ತುಕುಳಂನಿಂದ ಕೋಯಮತ್ತೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಬರಬೇಕು, ಕೆಲವು ಸಲ ನಿಂತೇ. ಅದಕ್ಕಾಗಿ ಕಾರು ತೆಗೆಯುವುದೆಂದು ಅಳಿಯ ತೀರ್ಮಾನಿಸಿದ್ದರು. ಊರಿನ ಅಮ್ಮನ ಗುಡಿಯಲ್ಲಿ ಹೂ ಕೇಳಿಯೂ ಆಗಿತ್ತು. ಬಿಳಿಯ ಹೂ ಒಂದು, ಕೆಂಪು ಹೂ ಒಂದು, ಎರಡನ್ನೂ ಎಲೆಯಲ್ಲಿ ಸುತ್ತಿ ದೇವಿಯ ಮುಂದಿಟ್ಟು, ಪುಟ್ಟ ಮಗುವಿನ ಕೈಯಲ್ಲಿ ಒಂದು ಪೊಟ್ಟಣ ಎತ್ತಿಸುವುದು ಈ ಕಡೆಯ ವಾಡಿಕೆ. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ. ಬಿಳಿ ಬಂದಿತ್ತು.

ಅಂಗಳದಲ್ಲಿ ಅವರು ನೇರವಾಗಿ ಹೋಗಿ ನಿಂತದ್ದು ಆಕಾಶನೀಲಿ ಸೀಟಿನ ಕಾರಿನ ಮುಂದೆ.

"ಅಕ್ಕಾ, ವಂಡಿ ಎಂಗೈತೆ?" ಎಂದು ಜಾನಮ್ಮ ಕೇಳಿದರು. ಪಕ್ಕದಲ್ಲಿ ಕುಪ್ಪುಸಾಮಿ ನಿಂತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ.

"ಸೀಟು ನಾನೇ ಹೊಲ್ದಿದ್ದು," ಎಂದರು ಪಾಪಾತಿ.

"ಸೀಟು ಕಾಣ್ತೈತಲ್ಲ. ವಂಡಿ?"

ಕನ್ನಡದಲ್ಲಿ ಮೆಲ್ಲಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಂಗೈ ಸುಟ್ಟುಕೊಂಡು ಕೊಟ್ಟ ಮಾತು. ಬಾಯಿ ಬಿಡದೆ ದಾರಿಯೊಂದನ್ನು ಹುಡುಕಿದರು ಪಾಪಾತಿ. ಹೊಲಿಗೆ ಒಂದು ಕಡೆ ಬಿಟ್ಟಿದೆ ಎಂದು ನೆಪ ಹೇಳಿ ಹಿಂದಿನ ಸೀಟನ್ನು ಪೂರ್ತಿ ಹೊರಗೆ ತೆಗೆದರು. ಮ್ಯಾಟನ್ನೂ ಸುರುಳಿ ಸುತ್ತಿ ಬದಿಗಿಟ್ಟರು. ಟೀ ತರುತ್ತೇನೆಂದು ಹೊರಟೇಹೋದರು. ತಾನು ಹೇಳುವುದು ಬೇಡ, ಅವರೇ ನೋಡಿಕೊಳ್ಳಲಿ ಎಂದು.

ಟೀ ಹಿಡಿದು ಬಂದಾಗ ಕಾಳಿಯಪ್ಪನ್ ಕಾರಿನೊಳಗೆ ತಲೆಹಾಕಿ ಟಾರನ್ನು ಬೆರಳಿನಿಂದ ಬಡಿಯುತ್ತಿದ್ದರು. ಮುಖದ ತುಂಬ ನಗು.

"ನೋಡಕ್ಕಾ, ಎಷ್ಟು ಚೆಂದಾಗಿ ಟಾರ್ ಹೊಡ್ದವ್ರೆ! ಒಂದು ತೊಟ್ಟು ನೀರು ಒಳಕ್ಕೆ ಬರಲ್ಲ. ನಮ್ಮ ಮನೆ ತೊಟ್ಟಿಗೂ ಇಂಗೇ ಹೊಡಿಸ್ಬೇಕು."

ಪಾಪಾತಿಗೆ ಆ ಕ್ಷಣ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ಕಾಳಿಯಪ್ಪನ್ ಅಂಗಿಯ ಒಳಜೇಬಿಗೆ ಕೈ ಹಾಕಿದರು. ರಾಮಾಯಿ ಖಾಲಿ ಕಾರಿನ ಬಾಗಿಲು ಹಿಡಿದುಕೊಂಡು, "ನಾನು ಈ ಕಡೆ ಕೂತ್ಕೋತೀನಿ, ಕಾಲು ಚಾಚೋಕೆ ಆಗ್ತದೆ," ಎನ್ನುತ್ತಿದ್ದರು. ಅವರು ತೋರಿಸಿದ್ದು ತೇಪೆಯ ಕಡೆಯನ್ನೇ.

"ಇಂದ ವಂಡಿ ವಾಂಗಾದೀಂಗ, ಮಾಪ್ಳೆ!" ಎಂದರು ಪಾಪಾತಿ. ಈ ಗಾಡಿ ತಗೋಬೇಡಿ ಎಂದು, ತಂಗಿಯ ಗಂಡನಿಗೆ. ಕನ್ನಡದಲ್ಲಲ್ಲ, ಕುಪ್ಪುಸಾಮಿಗೂ ಕೇಳಲಿ ಎಂದು ತಮಿಳಿನಲ್ಲಿ, ಅಂಗಳಕ್ಕೆಲ್ಲ ಕೇಳುವಂತೆ. "ಕದ್ದು ಯೋಳೋದು ಇನ್ನೂ ಕೀಳು ಅನ್ನಿಸ್ತು," ಎನ್ನುತ್ತಾರೆ ಈಗ. "ಮಾತು ಹಾಳು ಮಾಡೋದಾದ್ರೆ ಎದುರಿಗೇ ಮಾಡ್ಬೇಕು."

ಟಾರಿನ ಕೆಳಗೆ ಏನಿದೆಯೆಂದೂ ಹೇಳಿದರು. ಜಾನಮ್ಮನಿಗೆ ಸಿಟ್ಟು ಬಂತು. "ಗುಡಿ ಅಮ್ಮ ಬಿಳಿ ಹೂ ಕೊಟ್ಟವ್ಳೆ. ನೀನು ಅಮ್ಮನಿಗಿಂತ ದೊಡ್ಡೋಳಾ?" ಉತ್ತರ ಕೊಟ್ಟದ್ದು ರಾಮಾಯಿ, ಬಾಗಿಲು ಹಿಡಿದುಕೊಂಡೇ. "ಕಾರು ವಾಂಗಲಾಮಾ, ತಗೋಬೋದಾ ಅಂತ ತಾನೇ ಕೇಳಿದ್ರಿ? ಈ ಕಾರಾ ಅಂತ ಯಾರು ಕೇಳಿದ್ರು? ಆ ತಾಯೇನು ಅಂಗಳಕ್ಕೆ ಬಂದು ನೋಡಿದ್ಳಾ?" ಕಾಳಿಯಪ್ಪನ್ ಒಮ್ಮೆ ಅತ್ತೆಯನ್ನು, ಒಮ್ಮೆ ಕಾರನ್ನು ನೋಡಿ, ಒಳಜೇಬಿನಿಂದ ಕೈ ತೆಗೆದರು. ಮೂವರೂ ಬಸ್ಸಿನಲ್ಲೇ ವಾಪಸಾದರು.

ಕುಪ್ಪುಸಾಮಿ ಕೂಗಾಡಲಿಲ್ಲ. "ನಾನು ಯಾರಿಗೂ ಸುಳ್ಳು ಹೇಳಿದವನಲ್ಲ ಅಮ್ಮಿಣಿ, ಕೇಳದ್ದನ್ನು ಹೇಳಿಲ್ಲ, ಅಷ್ಟೆ. ನೀನು ಕರ್ಪೂರ ಆರಿಸಿದ್ದೆ," ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದರು. ಅಂದಿನಿಂದ ಅಲ್ಲಿಂದ ಕೆಲಸವಿಲ್ಲ. ಅವರನ್ನು ನೋಡಿ ಬೇರೆ ದಳ್ಳಾಳಿಗಳೂ ಕೊಡುವುದಿಲ್ಲ. "ಆದ್ರೆ ದೀಪಾವಳಿಗೆ ಎಂದಿನಂಗೆ ಲಡ್ಡು ಕಳ್ಸವ್ರೆ. ಕೆಲ್ಸ ಇಲ್ಲ, ಲಡ್ಡು ಐತೆ. ನಾನು ಏನಂತ ತಿಳ್ಕೊಳ್ಳಿ?" ಈಗ ಈ ಚಪ್ಪರ, ತಾವೇ ಹುಡುಕಿ ಬರುವ ಒಂದೆರಡು ಗಿರಾಕಿ, ಮಧ್ಯೆ ಸೈಕಲ್ ಸೀಟಿನ ಕವರು.

ಬೂದಿ ಬಣ್ಣದ ಕಾರು ಮರುವಾರವೇ ಮಾರಾಟವಾಯಿತು. ಕೊಂಡವರು ಪಲ್ಲಡಂನಲ್ಲಿ ಕೋಳಿ ಮೇವಿನ ಅಂಗಡಿ ಇಟ್ಟಿರುವ ನಂಜುಂಡನ್. ಅಂಗಳದ ಕೆಲಸದವರೊಬ್ಬರಿಂದ ಅದು ಪಾಪಾತಿಯ ಕಿವಿಗೆ ಬಿತ್ತು.

"ನಮ್ಮವ್ವನಿಗೆ ಒಂದು ನ್ಯಾಯ, ಅವ್ರ ಅವ್ವನಿಗೆ ಒಂದಾ? ತಂಗಿಗೋಸ್ಕರ ಮುರ್ದೋಳು ಬೇರೆಯವ್ರಿಗೆ ಮಾತು ಉಳಿಸ್ಕೊಂಡ್ರೆ ಅದೂ ಒಂದು ಮಾತಾ?"

ಬಸ್ಸು ಹತ್ತಿ ಪಲ್ಲಡಂಗೆ ಹೋದರು. ಮಗ್ಗಗಳ ಸದ್ದಿನ ನಡುವೆ ಅಂಗಡಿ ಹುಡುಕಿ, ತಾನೇ ಸೀಟು ಹೊಲಿದವಳೆಂದು ಹೇಳಿಕೊಂಡು, ಅಡಿಯಲ್ಲಿರುವುದನ್ನು ತಿಳಿಸಿದರು. ನೇಕಾರರ ಕನ್ನಡ ಮನೆಯ ನಂಜುಂಡನ್ ಮೊದಲು ನಂಬಲಿಲ್ಲ. "ಓಡ್ತಾನೇ ಐತಲ್ಲಮ್ಮ, ಚಿನ್ನದಂಗೆ!" ಎಂದರು. ಇದ್ದರೂ ಇರಬಹುದು ಎಂದು ಪಾಪಾತಿಯೂ ಒಪ್ಪಿಕೊಂಡು ವಾಪಸು ಬಂದರು. ತಿಂಗಳುಗಳು ಕಳೆದವು. ನಿನ್ನೆ ಸಂಜೆ ನಂಜುಂಡನ್ ಕಾರನ್ನು ತಾವೇ ಓಡಿಸಿಕೊಂಡು ಬಂದು ಚಪ್ಪರದ ಮುಂದೆ ನಿಲ್ಲಿಸಿದರು. ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿದಾಗಲೆಲ್ಲ ಆ ಮಾತು ನೆನಪಾಗುತ್ತದಂತೆ. "ಬಿಚ್ಚಿ ನೋಡಿಬಿಡಮ್ಮ, ಯೋಚ್ನೆ ಮಾಡಿ ಮಾಡಿ ಸಾಕಾಯ್ತು."

ಹಾಗಾಗಿ ಈ ಬೆಳಗಿನ ಕೆಲಸ. ಸೀಟು ಹೊರಗೆ ಬಂದಿದೆ. ಪಕ್ಕದ ಶೆಡ್ಡಿನ ವೆಲ್ಡರ್ ಮುತ್ತುಸಾಮಿ ಉಳಿ ಹಿಡಿದು ಟಾರು ಕೆತ್ತುತ್ತಾರೆ. ಒಂದು ಕಡೆ ತುಕ್ಕು ಹಿಡಿದ ತಗಡಿನಲ್ಲಿ ಉಳಿ ಸಲೀಸಾಗಿ ಇಳಿದು ಕಾರಿನ ಕೆಳಗಿನ ಮಣ್ಣು ಕಾಣುತ್ತದೆ. ಗೇಣು ಆಚೆಗೆ ಬಡಿದರೆ ಠಣ್ ಎನ್ನುವ ಗಟ್ಟಿ ಉಕ್ಕು.

"ಮುರೀತಿತ್ತಾ ಅಣ್ಣಾ?" ಎಂದು ಪಾಪಾತಿ ಬಗ್ಗಿ ಕೇಳುತ್ತಾರೆ.

ಮುತ್ತುಸಾಮಿ ಉಳಿಯ ತುದಿಯಿಂದ ತುಕ್ಕನ್ನು ಕೆದಕುತ್ತಾರೆ. "ಇವತ್ತೇ ಮುರಿದು ಹೋಗಬಹುದಿತ್ತು. ಹತ್ತು ವರ್ಷ ಓಡಿದ್ದರೂ ಓಡುತ್ತಿತ್ತು. ಹೇಗೆ ಹೇಳುವುದು?"

"ನೋಡಿದ್ರಾ?" ಎಂದು ಪಾಪಾತಿ ನಮ್ಮ ಕಡೆ ತಿರುಗುತ್ತಾರೆ. "ಇವ್ರಿಗೂ ಗೊತ್ತಾಗಲ್ಲ."

ಕಾಳಿಯಪ್ಪನ್ ಇನ್ನೂ ಕಾರು ಕೊಂಡಿಲ್ಲ. ರಾಮಾಯಿ ಈಗಲೂ ಬಸ್ಸಿನಲ್ಲೇ ಆಸ್ಪತ್ರೆಗೆ ಬರುತ್ತಾರೆ. ಬಂದಾಗಲೆಲ್ಲ ಜಾನಮ್ಮ, "ನಿನ್ನಿಂದ ತಾನೇ ಅವ್ವ ನಿಂತ್ಕೊಂಡು ಬರೋದು," ಎಂದು ಅಕ್ಕನನ್ನು ಚುಚ್ಚುತ್ತಾರೆ. ಪಾಪಾತಿಗೆ ಇರುವುದು ಒಂದೇ ಆಸೆ. "ಒಂದು ವಂಡಿ. ನಾನೇ ಸೀಟು ಬಿಚ್ಚಿ, ಮ್ಯಾಟ್ ಎತ್ತಿ, ಅಡೀನೆಲ್ಲಾ ನೋಡಿ, ಅವ್ವನ್ನ ಕೂರಿಸ್ಬೇಕು. ಆಮೇಲೆ ಅದು ಕೆಟ್ರೂ ಕೆಡಲಿ."

ಬಾಯಿಂದ ಸೂಜಿ ತೆಗೆದು ದಾರ ಪೋಣಿಸುತ್ತಾರೆ. ಅಂಗೈಯಲ್ಲಿ ಹಳೆಯ ಸುಟ್ಟ ಕಲೆ ಇನ್ನೂ ಇದೆ. ಕರ್ಪೂರ ಆರಿಸಿ ಕೊಟ್ಟ ಮಾತನ್ನು ಪಾಪಾತಿ ಎರಡು ಸಲ ಮುರಿದಿದ್ದಾರೆ.