ಊಟ ಆದ ಮೇಲೆ

ಎಮ್ಮೆಯನ್ನು ದೂರದಿಂದ ನೋಡಿಯೇ ಅದಕ್ಕೆ ಏನು ಕೊರತೆಯೆಂದು ಹೇಳಬಲ್ಲೆ ಎಂಬ ಜಂಬ ನನಗಿದೆ. ಹಗರಿಬೊಮ್ಮನಹಳ್ಳಿಯ ಸುತ್ತ ಇಪ್ಪತ್ತು ವರ್ಷ ದನದ ಆಸ್ಪತ್ರೆಯ ಕೆಲಸ ಮಾಡಿದವನು ನಾನು. ತಂಬ್ರಹಳ್ಳಿಯಲ್ಲಿ ಯಾರದೇ ಕೊಟ್ಟಿಗೆಗೆ ಹೋದರೂ ಮೊದಲು ಕೇಳುವುದು, "ಏನು ತಿಂತೈತಿ? ಎಷ್ಟು ತಿಂತೈತಿ?" ಅದನ್ನು ಕೇಳದೆ ಒಂದು ಚಮಚ ಖನಿಜದ ಪುಡಿಯನ್ನೂ ಬರೆದುಕೊಟ್ಟವನಲ್ಲ.

ಮನೆಯವರಿಗೆ ಮಾತ್ರ ಗುಳಿಗೆ, ಪುಡಿಗಳನ್ನು ಡಬ್ಬಿಯ ಮೇಲಿನ ಚಿತ್ರ ನೋಡಿ ತರುತ್ತಿದ್ದೆ. ಮಗಳ ಕೂದಲಿಗೆ ಗುಳಿಗೆ ತಂದದ್ದು ಡಬ್ಬಿಯ ಹುಡುಗಿಯ ಜಡೆ ಉದ್ದವಿತ್ತೆಂದು. ನನ್ನ ಪ್ರೋಟೀನ್ ಪುಡಿಯ ಮೇಲಿದ್ದವನ ತೋಳು ನನ್ನ ತೊಡೆಯಷ್ಟಿತ್ತು. ಎರಡು ತಿಂಗಳು ಕುಡಿದೆ, ಬಂದದ್ದು ಹೊಟ್ಟೆ. ನಾಯಿ ರಾಜನಿಗೆ ಮಾತ್ರ ಮೈತೂಕ ನೋಡಿ, ಖನಿಜದ ಪುಡಿ ಅಳತೆ ಮಾಡಿ ಹಾಕಿದೆ. ನಮ್ಮ ಮನೆಯಲ್ಲಿ ಮೈ ಮಿರಿಮಿರಿ ಮಿಂಚಿದ್ದು ಅದೊಂದರದೇ.

ಹೀಗಿರುವಾಗ ನನ್ನ ಹೆಂಡತಿ ಕೊಟ್ರಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಗಲೇಬೇಕು, ಆದರೆ ಮೈಯಲ್ಲಿ ರಕ್ತವಿಲ್ಲ ಎಂದರು ಹರಪನಹಳ್ಳಿಯ ಡಾಕ್ಟರಮ್ಮ. ಕಬ್ಬಿಣದ ಗುಳಿಗೆ ಕೊಟ್ಟರು. ನಾನು ಅದರ ಜೊತೆಗೆ ಎರಡು ಟಾನಿಕ್ಕು, ಒಂದು ಪುಡಿ ತಂದು ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಗಂಡನ ಕರ್ತವ್ಯ ಮುಗಿಯಿತೆಂದು ಕೈ ತೊಳೆದುಕೊಂಡೆ. ಮೂರು ತಿಂಗಳಾದರೂ ರಕ್ತ ಏರಲಿಲ್ಲ.

"ರಕ್ತ ಏರದ ಹೊರತು ನಾನು ಕತ್ತರಿ ಹಿಡಿಯಂಗಿಲ್ಲ ನೋಡ್ರಿ," ಎಂದರು ಡಾಕ್ಟರಮ್ಮ. ಆಮೇಲೆ ನನ್ನತ್ತ ತಿರುಗಿ, "ಇವರು ದಿನಾ ಏನು ಉಣ್ತಾರ?" ಎಂದು ಕೇಳಿದರು.

ಆ ಪ್ರಶ್ನೆ ನನ್ನದೇ. ಹೆಂಡತಿಯ ತಟ್ಟೆಯನ್ನು ಮಾತ್ರ ನಾನು ಒಮ್ಮೆಯೂ ನೋಡಿದವನಲ್ಲ.

ಮನೆಗೆ ಬಂದು ಗುಳಿಗೆಯ ಹಾಳೆ ನೋಡಿದರೆ ಅರ್ಧಕ್ಕರ್ಧ ಹಾಗೇ ಇತ್ತು. ಸಿಟ್ಟು ನೆತ್ತಿಗೇರಿತು. "ಯಾಕ ನುಂಗಿಲ್ಲ?"

"ಊಟ ಆದ ಮ್ಯಾಲೆ ತಗೋರಿ ಅಂದಾರಲ್ರಿ. ಊಟಾನ ಇಲ್ಲದ ದಿನ ಹೆಂಗ ತಗೊಳ್ಳಲಿ?"

ಸೋಮವಾರ ಉಪವಾಸ, ಗುರುವಾರ ಉಪವಾಸ, ಅಮಾವಾಸ್ಯೆ, ಹಬ್ಬದ ಹಿಂದಿನ ದಿನ. ಸಂಜೆಗೆ ಒಂದು ಹಿಡಿ ಮಂಡಕ್ಕಿ, ಅರ್ಧ ಲೋಟ ಚಾ. ಅವಳ ಲೆಕ್ಕದಲ್ಲಿ ಮಂಡಕ್ಕಿ ಊಟವಲ್ಲ, ಆದ್ದರಿಂದ ಗುಳಿಗೆಯೂ ಇಲ್ಲ. ಡಾಕ್ಟರ ಮಾತನ್ನು ಅವಳಷ್ಟು ಅಕ್ಷರಶಃ ಪಾಲಿಸಿದವರು ಈ ಐದು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಉಪವಾಸದ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಗೋಡೆಯ ಮೇಲೆ ಗಡಿಯಾರ ಇದೆಯೆಂದು ಗೊತ್ತಿರುವ ಹಾಗೆ ಗೊತ್ತಿತ್ತು. ಯಾತಕ್ಕೆ ಎಂದು ಕೇಳಿರಲಿಲ್ಲ, ಈಗ ಕೇಳಿದೆ.

ಗುರುವಾರದ್ದು ಮಗಳ ಓದಿಗಂತೆ. ಸೋಮವಾರದ್ದು ನನಗೆ. ಎಂಟು ವರ್ಷದ ಹಿಂದೆ ಉಜ್ಜಿನಿ ದಾರಿಯಲ್ಲಿ ನಾನು ಬೈಕಿನಿಂದ ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊತ್ತ ಹರಕೆ.

ಬಿಡು ಎಂದರೆ ಬಿಡಲೊಲ್ಲಳು. ಬಿಟ್ಟರೆ ನನಗೇ ಏನಾದರೂ ಆದೀತೆಂಬ ಭಯ. ಕೊನೆಗೆ ಮಠದ ಅಯ್ಯನವರನ್ನು ಕೇಳಿದೆವು. "ಉಪವಾಸ ಗಂಡ ಹಿಡಿದ್ರೂ ನಡೀತೈತಿ ತಾಯಿ, ನೀ ಉಣ್ಣು," ಎಂದರು ಅವರು. ಸೋಮವಾರ ನನ್ನ ಪಾಲಿಗೆ ಬಂತು, ಗುರುವಾರವನ್ನು ಮಗಳು ತಾನೇ ಕೇಳಿ ಇಸಕೊಂಡಳು. ಈಗ ಕೊಟ್ರಮ್ಮನ ರಕ್ತ ಏರುತ್ತಿದೆ. ಆಪರೇಷನ್ ಮುಂದಿನ ತಿಂಗಳಂತೆ. ನನಗೆ ಇನ್ನೂ ಭಯವಿದೆ.

ಆದರೆ ನನ್ನ ಮನಸ್ಸಿನಿಂದ ಹೋಗದಿರುವುದು ಆ ಮೊದಲ ಸೋಮವಾರ. ಮಧ್ಯಾಹ್ನ ಎರಡರೊಳಗೆ ಮೂರು ಸಲ ಅಡುಗೆಮನೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದೆ. ಕೊಟ್ರಮ್ಮನನ್ನು ಕೂರಿಸಿ, ರೊಟ್ಟಿ, ಮೆಂತ್ಯದ ಪಲ್ಯ ನಾನೇ ಬಡಿಸಿ ಎದುರಿಗೆ ಕೂತೆ. ಅವಳು ಒಂದು ತುತ್ತು ಮುರಿದು ಹಾಗೇ ಹಿಡಿದುಕೊಂಡಳು.

"ನೀವು ಹಸ್ತು ಕುಂತೀರಿ. ನನಗ ಹೆಂಗ ಇಳೀತೈತ್ರಿ ಇದು?"

ಅವಳು ಹಸಿದು ಕೂತ ಎಂಟು ವರ್ಷದ ಸೋಮವಾರಗಳಲ್ಲಿ ನನ್ನ ಗಂಟಲಲ್ಲಿ ಒಂದು ತುತ್ತೂ ನಿಂತಿರಲಿಲ್ಲ.