ರೈಟ್ ಕ್ಲಿಕ್ಕಿನ ಹಿಂದೊಬ್ಬ ಅತ್ತಿಗೆ

ಬೀದಿದೀಪ ಇನ್ನೂ ಆರಿಲ್ಲ. ಫೋಟೊ ಸ್ಟುಡಿಯೊದ ಷಟರ್ ಅರ್ಧ ಎತ್ತಿ, ಬಗ್ಗಿ ಒಳಹೋಗುವ ಅತ್ತಿಗೆ ಮೊದಲು ಗೋಡೆಯ ಮೇಲಿನ ಬಹುಮಾನಗಳ ದೂಳು ಒರೆಸುತ್ತಾರೆ. ಎಲ್ಲವೂ ನಾದಿನಿಯವು. ಕ್ಯಾಮೆರಾ ಹಿಡಿಯುವವಳು ಅವಳು. ಹಿಂದಿನ ಕೋಣೆಯ ಕಂಪ್ಯೂಟರ್ ಮಾತ್ರ ಅತ್ತಿಗೆಯದು. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅವರು ಅತ್ತಿಗೆಯೇ.

"ಹೊಟ್ಟೆಕಿಚ್ಚು ಇದೆ. ಯಾಕೆ ಸುಳ್ಳು ಹೇಳ್ಲಿ?" ಎನ್ನುತ್ತಾರೆ, ಬಟ್ಟೆ ಕೊಡವುತ್ತ.

ಮದುವೆಗೆ ಮುಂಚೆ ಜೆರಾಕ್ಸ್ ಅಂಗಡಿಯಲ್ಲಿ ದುಡಿಯುತ್ತ ಕಂಪ್ಯೂಟರ್ ಕಲಿತವರು. ಈ ಮನೆಗೆ ಬಂದಾಗ ಒಂದೊಂದು ಫೋಟೊವನ್ನೂ ಮೌಸ್ ಹಿಡಿದು ಕೈಯಲ್ಲೇ ಕತ್ತರಿಸಿ, ಮೂಲೆಯಲ್ಲಿ ನಾದಿನಿಯ ಹೆಸರು ಕೂರಿಸುವಷ್ಟರಲ್ಲಿ ಕಣ್ಣು ಕೆಂಪಾಗುತ್ತಿತ್ತು. ಅದಕ್ಕೆಂದೇ, ಆ ಕೆಲಸವನ್ನು ತಾವಾಗಿಯೇ ಮಾಡುವ ಪುಟ್ಟ ಸ್ಕ್ರಿಪ್ಟುಗಳನ್ನು ಬರೆದರು. ಈಗ ನಾದಿನಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನುವಿನಲ್ಲಿ 'ಹೆಸರು ಹಾಕು' ಎಂದು ಬರುತ್ತದೆ. ಒತ್ತಿದರೆ ಮುಗಿಯಿತು.

ಸ್ಕ್ರಿಪ್ಟನ್ನು ಟೈಪ್ ಮಾಡಿ ಓಡಿಸುವಾಗ ಯಾವ ಹೆಸರು, ಎಷ್ಟು ದೊಡ್ಡ ಅಕ್ಷರ ಎಂಬ ಪ್ಯಾರಾಮೀಟರುಗಳನ್ನು ಆಗಲೇ ಹೇಳಬಹುದು. ಮೆನುವಿನಿಂದ ಓಡಿಸುವಾಗ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹೇಳಬೇಕಾದ್ದನ್ನೆಲ್ಲ ಮೆನುವಿನ ಹಿಂದಿರುವ ಆಜ್ಞೆಯ ಸಾಲಿನಲ್ಲಿ, ಅಂದರೆ ಕಮಾಂಡಿನಲ್ಲಿ, ಮೊದಲೇ ಬರೆದಿಡಬೇಕು. ಆ ಕಮಾಂಡು ಅತ್ತಿಗೆಯ ಕೈಯಲ್ಲಿದೆ. ಹೆಸರು ಮಾತ್ರ ನಾದಿನಿಯದು.

ಕಳೆದ ತಿಂಗಳು ತಮ್ಮ ಶಾಲೆಯ ಫೋಟೊ ತೆಗೆಸಿದ್ದ ಮುಖ್ಯೋಪಾಧ್ಯಾಯರೊಬ್ಬರು ಬಂದು ನಾದಿನಿಯ ಕೈಗುಣವನ್ನು ಬಾಯ್ತುಂಬ ಹೊಗಳಿದರು. ಅತ್ತಿಗೆಯನ್ನು ನೋಡಿ, ಒಂದು ಲೋಟ ನೀರು ಕೊಡಮ್ಮ ಎಂದರು. ಅಲ್ಲಿಗೆ ಅತ್ತಿಗೆಯ ಹೊಟ್ಟೆ ಧಗಧಗ ಉರಿಯಿತು. ಮರುದಿನ ಬೆಳಗ್ಗೆ ಬಂದವರೇ ಕಮಾಂಡು ತೆರೆದು ನಾದಿನಿಯ ಹೆಸರಿಗಿಂತ ಮೊದಲು ತಮ್ಮ ಹೆಸರನ್ನೂ ಸೇರಿಸಿದರು. ಎರಡು ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಎರಡನ್ನೂ ಒಟ್ಟಿಗೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಲ್ಲದಿದ್ದರೆ ಸ್ಕ್ರಿಪ್ಟು ಮೊದಲನೆಯದನ್ನಷ್ಟೇ ಹೆಸರೆಂದು ತಗೊಂಡು ಮಿಕ್ಕಿದ್ದನ್ನು ಬಿಟ್ಟುಬಿಡುತ್ತದೆ. ಉರಿಯ ಭರದಲ್ಲಿ ಅತ್ತಿಗೆ ಅದನ್ನೇ ಮರೆತರು. ನಾದಿನಿ ಶಾಲೆಯ ಫೋಟೊಗಳ ಮೇಲೆ ಎಂದಿನಂತೆ ಒತ್ತಿದಳು, ನೋಡದೆಯೇ ಪ್ರಿಂಟಿಗೆ ಕಳಿಸಿದಳು. ಫೋಟೊಗಳು ಬಂದಾಗ, ಆ ಮುಖ್ಯೋಪಾಧ್ಯಾಯರ ಪೊದೆ ಮೀಸೆಯ ಕೆಳಗಿನ ಮೂಲೆಯಲ್ಲೂ ಬರೀ ಅತ್ತಿಗೆಯ ಹೆಸರು!

"ನೋಡಿ ಒಂದು ಗಳಿಗೆ ಖುಷಿ ಆಯ್ತು. ಆಮೇಲೆ ಓಡಿ ಹೋಗಿ ಕಮಾಂಡು ತೆಗೆದು ನೋಡ್ದೆ."

ನಾದಿನಿ ಮುಖ ಊದಿಸಿಕೊಂಡಳು. ಇನ್ನು ಮೇಲೆ ಫೋಟೊ ಕೆಲಸವನ್ನೆಲ್ಲ ಹೊರಗೆ ಕೊಡುತ್ತೇನೆ, ಈ ಕೋಣೆಗೆ ಬೀಗ ಹಾಕಿ ಎಂದಳು. ಅತ್ತಿಗೆಗೆ ಮನೆಯಲ್ಲಾಗಲಿ ಸ್ಟುಡಿಯೊದಲ್ಲಾಗಲಿ ತಮ್ಮದು ಅಂತ ಇರುವುದು ಆ ಕೋಣೆ ಒಂದೇ. ಗಂಡ ಪಾಪ, ಹೆಂಡತಿಗೂ ತಂಗಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಹಾಗೆ. ಕ್ಯಾಮೆರಾ ಸ್ಟ್ಯಾಂಡ್ ರಿಪೇರಿಯ ನೆಪ ಹೇಳಿ ಹೊರಟುಹೋದರು.

ಅತ್ತಿಗೆ ನಾದಿನಿಯನ್ನು ಎಳೆದು ಕೂರಿಸಿ ಕಮಾಂಡು ತೋರಿಸಿದರು. ನೋಡು, ನಿನ್ನ ಹೆಸರೂ ಇದೆ, ಕಿತ್ತುಹಾಕಿಲ್ಲ ಎಂದರು. ಉದ್ಧರಣ ಚಿಹ್ನೆ ಸೇರಿಸಿ ಅವಳ ಕೈಯಿಂದಲೇ ಒತ್ತಿಸಿದರು. ಎರಡೂ ಹೆಸರು ಬಂದವು. ನಾದಿನಿ ಅದನ್ನೇ ದಿಟ್ಟಿಸಿದಳು.

"ಚಿಹ್ನೆ ಮರೆತ್ರಿ, ಸರಿ ಅತ್ತಿಗೆ. ನನ್ನ ಹೆಸರು ಮೊದಲು ಹಾಕಿ ಮರೆತಿದ್ರೆ ಎಂದಿನ ಹಾಗೆ ನನ್ನದೊಂದೇ ಬಂದು ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ನಿಮ್ಮದನ್ನ ಯಾಕೆ ಮೊದಲು ಹಾಕಿದ್ರಿ?"

ಅತ್ತಿಗೆ ಕೀಬೋರ್ಡಿನ ದೂಳು ಒರೆಸತೊಡಗಿದರು. ಶಾಲೆಯ ಫೋಟೊಗಳನ್ನೆಲ್ಲ ಮತ್ತೆ ಪ್ರಿಂಟ್ ಹಾಕಿಸಿದ್ದಾಯಿತು. ಕೋಣೆಗೆ ಬೀಗ ಬೀಳಲಿಲ್ಲ. ಇಬ್ಬರ ಹೆಸರೂ ಇರಲಿ ಅಂತ ನಾದಿನಿಯೇ ಒಪ್ಪಿದಳು, ಮುಖ ಮಾತ್ರ ಇನ್ನೂ ಪೂರ್ತಿ ಸಡಿಲವಾಗಿಲ್ಲ.

ಹಾಗಾದರೆ ಈಗ ಯಾರ ಹೆಸರು ಮೊದಲು ಎಂದು ಕೇಳಿದರೆ ಅತ್ತಿಗೆ ಮಾನಿಟರ್ ಕಡೆ ತಿರುಗುತ್ತಾರೆ.

"ಅವಳದೇ. ಆದ್ರೆ ಅಕ್ಷರದ ಸೈಜು ಇಬ್ರಿಗೂ ಒಂದೇ. ಅದನ್ನ ಕಮಾಂಡಲ್ಲಿ ನಾನೇ ಬರೆದಿಟ್ಟಿದೀನಿ."