ರೇಡಿಯೇಟರಿನ ಮೇಲೆ ಚೆಂಡುಹೂವು

ಬಾನೆಟ್ಟಿನಿಂದ ಹಬೆ ಬುಸ್ಸೆಂದು ಎದ್ದು ಕಾರು ನಿಂತಾಗ ನಾನು ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನಿಂದ ಹಲ್ಲು ಕಚ್ಚಿ ಮಲಗಿದ್ದೆ. ಮಗು ಅಡ್ಡ ತಿರುಗಿದೆ, ಶಿವಮೊಗ್ಗದ ಆಸ್ಪತ್ರೆಗೇ ಒಯ್ಯಿರಿ ಎಂದು ಭದ್ರಾವತಿಯ ಸೂಲಗಿತ್ತಿ ಕೈಚೆಲ್ಲಿದ್ದಳು. ಎರಡನೇ ಮಹಾಯುದ್ಧದ ಕಾಲದ ಆಯುಧಪೂಜೆಯ ದಿನ ಅದು.

ಎಸ್ಟೇಟಿನ ದೊರೆಯೊಬ್ಬರಿಂದ ಮಾವ ಕೊಂಡಿದ್ದ ಭಾರೀ ಹಳೆಯ ಕಾರು ನಮ್ಮದು. ಏರು ಬಂದರೆ ನೀರು ಕುದಿಯುವುದು ಮಾಮೂಲು. ಅಂದು ಮಟ್ಟಸ ರಸ್ತೆಯಲ್ಲೇ ಕುದಿದಿತ್ತು. ಡ್ರೈವರ್ ಕರಿಯಪ್ಪ ಎಂಜಿನ್ ಆರಲು ಬಿಟ್ಟು, ಹಳ್ಳದ ನೀರು ತುಂಬಿ ಹೊರಟ. ಮೈಲಿಯೂ ಹೋಗಿರಲಿಲ್ಲ, ಮತ್ತೆ ಹಬೆ. ಇಲ್ಲೇ ಸಾಯುತ್ತೇನೆ ಎನಿಸಿತು.

"ಏನಾಗಿದೆಯೋ ಮಾರಾಯ ಇದಕ್ಕೆ?" ನನ್ನ ತಲೆದೆಸೆಯಲ್ಲಿ ಕೂತಿದ್ದ ಅತ್ತೆ ಕೂಗಿದರು.

"ರೇಡಿಯೇಟರ್‌ಗೆ ಗಾಳಿ ಆಡ್ತಿಲ್ಲ ಅಮ್ಮಾವ್ರೆ, ಮುಂದೆಲ್ಲ ಹೂವು ಮುಚ್ಕೊಂಡಿದೆ. ಪೂಜೆ ಹೂವು, ನಾನು ಹೆಂಗೆ ಕೀಳ್ಲಿ?"

ಬೆಳಿಗ್ಗೆ ಮಡಿಯುಟ್ಟು ಆ ದಪ್ಪ ಹಾರಗಳನ್ನು ಸಾಲುಸಾಲಾಗಿ ಕಟ್ಟಿದವರು ಅತ್ತೆ. ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದವರೂ ಅವರೇ. ಈಗ ಅವರೇ ಇಳಿದರು. ಕಾದ ಜಾಲರಿಯಿಂದ ಹಾರಗಳನ್ನು ಬರಿಗೈಯಲ್ಲಿ ಕಿತ್ತು ರಸ್ತೆಬದಿಗೆ ಎಸೆದರು. ಮತ್ತೆ ನೀರು ತುಂಬಿ ಹೊರಟ ಕಾರು ಆಸ್ಪತ್ರೆಯ ಬಾಗಿಲಿಗೆ ಹೋಗಿಯೇ ನಿಂತಿತು. ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದನ್ನು ನಾನು ಕಂಡದ್ದು ಅವರು ಮಗುವನ್ನು ಎತ್ತಿಕೊಂಡಾಗ.

ಆಮೇಲಿನ ವರ್ಷಗಳಲ್ಲಿ ಅತ್ತೆ ಹಾರಗಳನ್ನು ಕಾರಿನ ಹಿಂಭಾಗಕ್ಕೇ ಕಟ್ಟುತ್ತಿದ್ದರು. "ಇದೆಂಥ ಪೂಜೆ?" ಎಂದು ಯಾರಾದರೂ ಕೇಳಿದರೆ, ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳತ್ತ ಬೆರಳು ತೋರಿಸುತ್ತಿದ್ದರು.